ಆಟಿಕೆಯ ರೈಲು, ಚರಿತ್ರೆಯ ಲೆಕ್ಕ

ನವರಾತ್ರಿಯಲ್ಲಿ ಬೊಂಬೆ ಕೂರಿಸುವ ಮನೆಗಳಲ್ಲಿ ಮೇಲಿನ ಮೆಟ್ಟಿಲು ಪಟ್ಟದ ಬೊಂಬೆಗಳಿಗೆ ಮೀಸಲು. ಕೆಳಗಿನ ನೆಲವೆಲ್ಲ ಮಕ್ಕಳ ರಾಜ್ಯ. ಮಣ್ಣು ಹರವಿ ರಾಗಿ ಚೆಲ್ಲಿದರೆ ಉದ್ಯಾನ, ಮುಖ ನೋಡುವ ಕನ್ನಡಿಯನ್ನು ಮಲಗಿಸಿದರೆ ಕೆರೆ. ಆ ಕೆರೆಯ ಏರಿಯ ಮೇಲೆ ಚನ್ನಪಟ್ಟಣದ ಅರಗಿನ ಬಣ್ಣದ ಮರದ ರೈಲು ನಿಂತಿರುತ್ತದೆ. ಹಬ್ಬ ಮುಗಿದ ಮೇಲೆ ರೈಲು ಪೆಟ್ಟಿಗೆ ಸೇರುತ್ತದೆ. ಹಾಗೆ ಪೆಟ್ಟಿಗೆಗೆ ಸೇರಿಸದೆ ಆಯುಷ್ಯವೆಲ್ಲ ಅದರ ಬೆನ್ನು ಹತ್ತಿದ ಜನ ಪ್ರಪಂಚದಲ್ಲಿದ್ದಾರೆ. ಅವರಲ್ಲಿ ಕೆಲವರು ಪುಟ್ಟ ರೈಲುಗಳನ್ನು ಕಟ್ಟಿದರು. ಇನ್ನು ಕೆಲವರು ನಿಲ್ದಾಣದ ತುದಿಯಲ್ಲಿ ನಿಂತು ದೊಡ್ಡ ರೈಲುಗಳ ಸಂಖ್ಯೆಗಳನ್ನು ಬರೆದುಕೊಂಡರು. ನೆರೆಹೊರೆಯವರು ನಕ್ಕಿದ್ದುಂಟು. ಆದರೆ ಇಂಗ್ಲೆಂಡಿನ ಹಳೆಯ ರೈಲುಗಳು ಅಳಿದುಹೋದ ಕಾಲದಲ್ಲಿ ಅವುಗಳ ಲೆಕ್ಕ ಉಳಿದದ್ದು ಬಹುಮಟ್ಟಿಗೆ ಇವರ ಕೈಯಲ್ಲಿಯೇ.

ಈ ಕಥೆ ಜರ್ಮನಿಯಲ್ಲಿ ಮೊದಲಾಗುತ್ತದೆ. ಗೋಪಿಂಗೆನ್ ಎಂಬ ಊರಿನಲ್ಲಿ 1859ರಲ್ಲಿ ಸ್ಥಾಪನೆಯಾದ ಮಾರ್ಕ್ಲಿನ್ ಮನೆತನದ ಕಾರ್ಖಾನೆ ಬೊಂಬೆಯಾಟದ ತಗಡಿನ ಅಡಿಗೆ ಪಾತ್ರೆಗಳನ್ನು ಮಾಡುತ್ತಿತ್ತು. 1891ರ ಲೈಪ್ಜಿಗ್ ಜಾತ್ರೆಗೆ ಅದು ಆಟದ ರೈಲನ್ನು ತಂದಿತು. ಆಟದ ರೈಲು ಅದಕ್ಕೆ ಮೊದಲೂ ಇತ್ತು, ಹೊಸದಾಗಿದ್ದದ್ದು ಕಂಬಿ. ಗೊತ್ತಾದ ಅಳತೆಯ ಕಂಬಿಯ ತುಂಡುಗಳನ್ನು ಒಂದಕ್ಕೊಂದು ಸೇರಿಸಬಹುದು, ಮುಂದಿನ ವರ್ಷ ಇನ್ನಷ್ಟು ಕೊಂಡು ದಾರಿಯನ್ನು ಬೆಳೆಸಬಹುದು. ಹೀಗೆ ಒಂದು ದಿನದ ಆಟಿಕೆ ವರ್ಷವರ್ಷವೂ ಬೆಳೆಯುವ ಸಂಸಾರವಾಯಿತು. ವ್ಯಾಪಾರಿಗೂ ಇದು ಅನುಕೂಲವೇ ಎಂದು ಬೇರೆ ಹೇಳಬೇಕಾಗಿಲ್ಲ.

1900ರ ಪ್ಯಾರಿಸ್ ಪ್ರದರ್ಶನದಲ್ಲಿ ನಾರ್ದಾಂಪ್ಟನ್ ಊರಿನ ಬ್ಯಾಸೆಟ್ ಲೋಕ್ ಎಂಬಾತ ಜರ್ಮನರ ಕೆಲಸವನ್ನು ಕಂಡು ಬೆರಗಾದನು. ಹೆನ್ರಿ ಗ್ರೀನ್ಲಿ ಎಂಬ ಶಿಲ್ಪಿಯ ನೆರವಿನಿಂದ, ಇಂಗ್ಲೆಂಡಿನ ನಿಜವಾದ ಇಂಜಿನುಗಳನ್ನೇ ಹೋಲುವ ಚಿಕ್ಕ ಇಂಜಿನುಗಳನ್ನು ಮಾಡಿಸಿ ಮಾರತೊಡಗಿದನು. 1901ರಲ್ಲಿ ಮೆಕ್ಯಾನೊ ಆಟಿಕೆಗೆ ಹಕ್ಕುಪತ್ರ ಪಡೆದಿದ್ದ ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ, ಮೊದಲನೆಯ ಮಹಾಯುದ್ಧ ಮುಗಿದ ಮೇಲೆ, 1920ರಲ್ಲಿ, ಕೀಲಿ ಕೊಟ್ಟರೆ ಓಡುವ ರೈಲುಗಳನ್ನು ಹೊರತಂದನು. ಮಧ್ಯಮ ವರ್ಗದ ಇಂಗ್ಲಿಷ್ ಹುಡುಗನಿಗೆ ಅಲ್ಲಿಂದ ಮುಂದೆ ರೈಲೆಂದರೆ ಹಾರ್ನ್‌ಬಿಯೇ.

ಹುಡುಗರ ಆಟವನ್ನು ದೊಡ್ಡವರು ಕಸಿದುಕೊಂಡದ್ದು ಇದಕ್ಕೂ ಮೊದಲು. 1910ರಲ್ಲಿಯೇ ಲಂಡನ್ನಿನಲ್ಲಿ ಮಾದರಿ ರೈಲಿನವರ ಸಂಘವೊಂದು ಹುಟ್ಟಿತು. ಅದರ ಹಿಂದಿನ ವರ್ಷವೇ ಗ್ರೀನ್ಲಿಯ ಸಂಪಾದಕತ್ವದಲ್ಲಿ ಪತ್ರಿಕೆಯೂ ಹೊರಟಿತ್ತು. ಅಮೆರಿಕದ ಮಿಲ್ವಾಕೀ ನಗರದಲ್ಲಿ 1934ರ ಜನವರಿಯಿಂದ ಇಂಥದೇ ಪತ್ರಿಕೆ, 1935ರಲ್ಲಿ ರಾಷ್ಟ್ರೀಯ ಸಂಘ. ಒಬ್ಬನು ಕಾರ್ಡಿನ ರಟ್ಟಿನಿಂದ ನಿಲ್ದಾಣ ಕಟ್ಟಿದ ಬಗೆಯನ್ನು ಬರೆದರೆ ಇನ್ನೊಬ್ಬನು ಅದನ್ನು ತಿದ್ದುತ್ತಿದ್ದನು. ಬೇಗನೆ ಅವರ ಮುಂದೆ ಬಂದ ದೊಡ್ಡ ವ್ಯಾಜ್ಯ ಅಳತೆಯದು. ಒಬ್ಬನ ಗಾಡಿ ಇನ್ನೊಬ್ಬನ ಕಂಬಿಯ ಮೇಲೆ ಓಡದಿದ್ದರೆ ಸ್ನೇಹ ಎಲ್ಲಿಯದು?

ಕಂಬಿಯ ಅಗಲದ ತೊಡಕು ಮೈಸೂರು ಸೀಮೆಯವರಿಗೆ ಹೊಸದಲ್ಲ. ಬೆಂಗಳೂರಿನಲ್ಲಿ ಮದರಾಸಿನ ಕಡೆಯ ಅಗಲ ಕಂಬಿ, ಮೈಸೂರಿನ ಕಡೆಯ ಮೀಟರ್ ಕಂಬಿ ಎರಡೂ ಇದ್ದ ದಿನಗಳನ್ನು ಹಿರಿಯರು ಬಲ್ಲರು. ಆಟಿಕೆಯ ಲೋಕದಲ್ಲಿ ಮೊದಲು ಒಂದು, ಎರಡು, ಮೂರು ಎಂದು ಅಳತೆಗಳಿಗೆ ಹೆಸರಿಟ್ಟರು. ಒಂದಕ್ಕಿಂತ ಚಿಕ್ಕದು ಬಂದಾಗ ಅದಕ್ಕೆ ಸೊನ್ನೆಯೆಂದರು. ಸೊನ್ನೆಗಿಂತಲೂ ಚಿಕ್ಕದು ಬಂತು. ಈಗ ಏನು ಮಾಡುವುದು? ಇಂಗ್ಲಿಷರು ಎರಡು ಸೊನ್ನೆಯೆಂದರು, ಉಳಿದವರು ಅರ್ಧ ಸೊನ್ನೆಯೆಂದರು. ಸೊನ್ನೆಯಲ್ಲಿ ಅರ್ಧವನ್ನು ಕಂಡವರು ಇವರೊಬ್ಬರೇ ಇರಬೇಕು; ನಮ್ಮ ಗಣಿತದ ಮೇಷ್ಟರಿಗೆ ಹೇಳಿದಾಗ ಅವರಿಗೆ ಸಮಾಧಾನವಾಗಲಿಲ್ಲ.

ಈ ಎರಡು ಸೊನ್ನೆಯ ಕಥೆ ಇನ್ನೂ ಸ್ವಾರಸ್ಯವಾದದ್ದು. ಇಂಗ್ಲೆಂಡಿನ ಇಂಜಿನುಗಳು ಯೂರೋಪಿನ ಇಂಜಿನುಗಳಿಗಿಂತ ಗಾತ್ರದಲ್ಲಿ ಕಿರಿದು. ಅವುಗಳನ್ನು ಅರ್ಧ ಸೊನ್ನೆಯ ಅಳತೆಗೆ ಇಳಿಸಿದರೆ ಆ ಕಾಲದ ವಿದ್ಯುತ್ ಮೋಟಾರು ಒಳಗೆ ಹಿಡಿಸದು. ಆದ್ದರಿಂದ ಮೈಯನ್ನು ಒಂದು ಅಡಿಗೆ 4 ಮಿಲಿಮೀಟರಿನಂತೆ ದೊಡ್ಡದಾಗಿಸಿ, ಕಂಬಿಯ ಅಗಲವನ್ನು ಮಾತ್ರ 16.5 ಮಿಲಿಮೀಟರಿನಲ್ಲಿಯೇ ಬಿಟ್ಟರು. ಈ ಮೈಗೆ ಸಲ್ಲಬೇಕಾದ ಅಗಲ 18.83. ಅಂದರೆ 4 ಅಡಿ 8½ ಅಂಗುಲದ ನಿಜದಾರಿ ಇವರ ಮೇಜಿನ ಮೇಲೆ 4 ಅಡಿ 1½ ಅಂಗುಲಕ್ಕೆ ಕುಗ್ಗಿತು. ದಪ್ಪ ಮನುಷ್ಯನು ಕಾಲು ಜೋಡಿಸಿ ನಿಂತಂತೆ. ಹಾರ್ನ್‌ಬಿ ಸಂಸ್ಥೆ 1938ರಲ್ಲಿ ಈ ಅಳತೆಯಲ್ಲಿಯೇ ಹೊಸ ರೈಲು ತಂದದ್ದರಿಂದ ತಪ್ಪು ಸ್ಥಿರವಾಯಿತು. ಆ ಎರಡು ಮಿಲಿಮೀಟರ್ ಚಿಲ್ಲರೆಯನ್ನು ಸಹಿಸಲಾರದವರು 1960ರ ದಶಕದಲ್ಲಿ ಸರಿಯಾದ 18.83ನ್ನೇ ಹಿಡಿದು ಚಕ್ರಗಳನ್ನೂ ಕಂಬಿಯನ್ನೂ ಕೈಯಾರೆ ಮಾಡಿಕೊಂಡರು. ಅಂಗಡಿಯ ಗಿರಾಕಿಗಳು ಇಂದಿಗೂ ತಪ್ಪಳತೆಯಲ್ಲಿ ಸುಖವಾಗಿದ್ದಾರೆ.

ಇಷ್ಟರವರೆಗೆ ರೈಲು ಇತ್ತು, ಊರು ಇರಲಿಲ್ಲ. ಜಾನ್ ಅಹರ್ನ್ ಎಂಬ ಇಂಗ್ಲಿಷನು 1930ರ ದಶಕದ ಕೊನೆಯಿಂದ ಮ್ಯಾಡರ್ ಕಣಿವೆಯೆಂಬ ಕಲ್ಪಿತ ಸೀಮೆಯನ್ನು ಕಟ್ಟಿ, ಅದರಲ್ಲಿ ಬೀದಿ, ಮನೆ, ಬಂದರು ಎಲ್ಲವನ್ನೂ ಇಟ್ಟನು. ರೈಲು ಊರಿನ ನಡುವೆ ಹಾಯ್ದರೇನೇ ಅದಕ್ಕೆ ಅರ್ಥವೆಂಬುದನ್ನು ಜನ ಅವನಿಂದ ಕಲಿತರು.

ಅಹರ್ನ್ ಕಟ್ಟಿದ್ದು ಕಲ್ಪನೆಯ ಊರು. ನಿಜದ ಊರನ್ನು ಕಟ್ಟಹೊರಟವನು ರಾಯ್ ಇಂಗ್ಲೆಂಡ್. ಹೆಸರು ಇಂಗ್ಲೆಂಡ್ ಆದರೂ ಹುಟ್ಟಿದ್ದು ಆಸ್ಟ್ರೇಲಿಯದಲ್ಲಿ. 1925ರಲ್ಲಿ, ಇನ್ನೂ ಹದಿಹರೆಯದಲ್ಲಿ, ಸ್ವಿಂಡನ್ ಪಟ್ಟಣದ ಹತ್ತಿರದ ಬಿಳಿಗುದುರೆಯ ಕಣಿವೆಗೆ ಬಂದನು. ಗುಡ್ಡದ ಸುಣ್ಣಕಲ್ಲಿನಲ್ಲಿ ಪ್ರಾಚೀನರು ಕೊರೆದ ಕುದುರೆಯ ರೂಪದಿಂದ ಕಣಿವೆಗೆ ಆ ಹೆಸರು. ಬಂದದ್ದು ಗ್ರೇಟ್ ವೆಸ್ಟರ್ನ್ ರೈಲಿನ ಮೋಹದಿಂದ. ಆದರೆ ಕಣ್ಣಿಗೆ ಬಿದ್ದದ್ದು ಹುಲ್ಲು ಹೊದಿಸಿದ ಹಳೆಯ ಮನೆಗಳು ಒಂದೊಂದಾಗಿ ರೂಪಗೆಡುತ್ತಿದ್ದ ನೋಟ. ಕಾಲವನ್ನು ತಡೆಯುವುದು ಸಾಧ್ಯವಿರಲಿಲ್ಲ. ಅವನು ಒಂದೊಂದು ಮನೆಯನ್ನೂ ಅಳೆದನು, ಚಿತ್ರ ತೆಗೆದುಕೊಂಡನು, 76ರಲ್ಲೊಂದು ಪಾಲಿಗೆ ಇಳಿಸಿ ರಟ್ಟಿನಲ್ಲಿ ಕಟ್ಟತೊಡಗಿದನು. ಇಟ್ಟಿಗೆಗಳನ್ನು ಒಂದೊಂದಾಗಿ ಗೀರಿ, ನೀರುಬಣ್ಣದಲ್ಲಿ ಒಂದೊಂದಕ್ಕೂ ಅದರದರ ಛಾಯೆ ಹಚ್ಚುವ ಕೆಲಸ. ಒಂದು ಮನೆಗೆ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. 1954ರಲ್ಲಿ ಲಾಂಗ್ ವಿಟ್ಟನಮ್ ಎಂಬ ಹಳ್ಳಿಯಲ್ಲಿ ಇದೆಲ್ಲ ಪೆಂಡನ್ ಎಂಬ ಹೆಸರಿನ ಸಂಗ್ರಹಾಲಯವಾಯಿತು. ಮೊದಲಲ್ಲಿ ಅದು ಯುವಕರ ತಂಗುಮನೆಗೆ ಅಂಟಿಕೊಂಡಿದ್ದ ಬಡ ಸಂಸ್ಥೆ. ಗೈ ವಿಲಿಯಮ್ಸ್ ಎಂಬಾತ ಅಲ್ಲಿಗೆ ಇಂಜಿನುಗಳನ್ನು ಕಟ್ಟಿಕೊಟ್ಟನು. ಅಲ್ಲಿಯ ಒಂದು ದೃಶ್ಯದಲ್ಲಿ ಬ್ರೂನೆಲ್ ಎಂಬ ಮಹಾಶಿಲ್ಪಿಯ ರೀತಿಯ ಎತ್ತರವಾದ ಮರದ ಸೇತುವೆ ಉಂಟು. ಕಾರ್ನ್‌ವಾಲ್ ಪ್ರಾಂತದಲ್ಲಿ ಅವನ ಮರದ ಸೇತುವೆಗಳಲ್ಲಿ ಕೊನೆಯದನ್ನು 1934ರಲ್ಲಿ ಬದಲಾಯಿಸಿದರು. ಅಹರ್ನನ ಕಾಲಾನಂತರ ಅವನ ಮ್ಯಾಡರ್ ಕಣಿವೆಯೂ ಪೆಂಡನ್ನಿಗೇ ಬಂದು ಸೇರಿತು. ರಾಯ್ ಇಂಗ್ಲೆಂಡ್ 1995ರಲ್ಲಿ ತೀರಿಕೊಂಡಾಗ ಕಣಿವೆಯ ದೃಶ್ಯ ಮುಗಿದಿರಲಿಲ್ಲ, ಇತರರು ಮುಂದುವರಿಸಿದರು.

ಕಟ್ಟುವವರ ಮಾತು ಇದಾಯಿತು. ಇನ್ನು ನೋಡುವವರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಯಾನ್ ಆಲನ್ ಎಂಬ ತರುಣನು ಲಂಡನ್ನಿನ ವಾಟರ್ಲೂ ನಿಲ್ದಾಣದಲ್ಲಿ, ಸದರ್ನ್ ರೈಲ್ವೆಯ ಪ್ರಚಾರದ ಕಛೇರಿಯಲ್ಲಿ ಗುಮಾಸ್ತನಾಗಿದ್ದನು. ಎಳೆಯ ಪ್ರಾಯದಲ್ಲಿ ಅಪಘಾತದಿಂದ ಒಂದು ಕಾಲು ಕಳೆದುಕೊಂಡವನು. ಇಂಥ ಇಂಜಿನಿನ ಹೆಸರೇನು, ಅದರ ಸಂಖ್ಯೆಯೇನು ಎಂದು ರೈಲಿನ ಹುಚ್ಚಿನವರು ಬರೆಯುವ ಕಾಗದಗಳಿಗೆ ಉತ್ತರಿಸುವುದು ಅವನ ಪಾಲಿಗೆ ಬಂದಿತ್ತು. ಒಂದೇ ಉತ್ತರವನ್ನು ಎಷ್ಟು ಸಲ ಬರೆಯುವುದು? ಎಲ್ಲ ಇಂಜಿನುಗಳ ಪಟ್ಟಿಯನ್ನು ಪುಸ್ತಕ ಮಾಡೋಣವೆಂದನು. ಮೇಲಿನವರಿಗೆ ರುಚಿಸಲಿಲ್ಲ, ಬೇಕಾದರೆ ನೀನೇ ಅಚ್ಚು ಹಾಕಿಸಿಕೋ ಎಂದರು. 1942ರಲ್ಲಿ ಒಂದು ಶಿಲ್ಲಿಂಗ್ ಬೆಲೆಯ 2,000 ಪ್ರತಿಗಳು ಹೊರಬಂದವು, ಬೇಗನೆ ತೀರಿಹೋದವು. ಉಳಿದ ರೈಲ್ವೆಗಳ ಪಟ್ಟಿಗಳೂ ಅದನ್ನು ಹಿಂಬಾಲಿಸಿದವು.

ಪುಸ್ತಕದಲ್ಲಿದ್ದದ್ದು ಬರೀ ಸಂಖ್ಯೆಗಳು. ಹುಡುಗನು ನಿಲ್ದಾಣಕ್ಕೆ ಹೋಗಿ, ಕಂಡ ಇಂಜಿನಿನ ಸಂಖ್ಯೆಯ ಕೆಳಗೆ ಗೆರೆ ಎಳೆಯಬೇಕು. ಎಲ್ಲವಕ್ಕೂ ಗೆರೆ ಬಿದ್ದ ದಿನ ಜನ್ಮ ಸಾರ್ಥಕ. ಅಮರಕೋಶ ಬಾಯಿಪಾಠ ಮಾಡಿ ಬೆಳೆದ ನನ್ನಂಥವನಿಗೆ ಈ ಪಟ್ಟಿಯ ಸುಖ ಸ್ವಲ್ಪ ಅರ್ಥವಾಗುತ್ತದೆ. ಆದರೆ ಹುಡುಗರು ಹುಡುಗರೇ. ಎರಡು ದೊಡ್ಡ ರೈಲುದಾರಿಗಳು ಮೇಲೊಂದು ಕೆಳಗೊಂದಾಗಿ ಹಾಯುವ ಟ್ಯಾಮ್‌ವರ್ತ್ ಎಂಬಲ್ಲಿ 1944ರಲ್ಲಿ ಹುಡುಗರು ಕಂಬಿಯ ಬಳಿ ಪುಂಡಾಟ ನಡೆಸಿ ಪೋಲೀಸರ ಕೈಗೆ ಸಿಕ್ಕರು. ಆಗ ಆಲನ್ ಒಂದು ಸಂಘ ಕಟ್ಟಿದನು. ರೈಲ್ವೆಯ ಜಾಗದಲ್ಲಿ ಅಕ್ರಮವಾಗಿ ಕಾಲಿಡೆನು ಎಂದು ಒಪ್ಪಿಕೊಂಡವನಿಗೆ ಸದಸ್ಯತ್ವ. ಕಾಲಕ್ರಮದಲ್ಲಿ ಸದಸ್ಯರ ಸಂಖ್ಯೆ 2 ಲಕ್ಷವನ್ನು ದಾಟಿತು. ಉಪಾಧ್ಯಾಯನಾಗಿ ನನಗೆ ಈ ಉಪಾಯ ಬೆತ್ತಕ್ಕಿಂತ ಮೇಲೆನಿಸಿದೆ.

1948ರಲ್ಲಿ ಬ್ರಿಟನ್ನಿನ ರೈಲ್ವೆಗಳು ರಾಷ್ಟ್ರದ ಸೊತ್ತಾದಾಗ ಸುಮಾರು 20,000 ಉಗಿ ಇಂಜಿನುಗಳಿದ್ದವು. ಇಪ್ಪತ್ತೇ ವರ್ಷಗಳಲ್ಲಿ ಅವು ಬಹುಪಾಲು ಹಳೆಯ ಕಬ್ಬಿಣವಾದವು. 1955ರ ಯೋಜನೆ ಡೀಸಲ್ ಮತ್ತು ವಿದ್ಯುತ್ತನ್ನು ತಂದಿತು. 1963ರ ಮಾರ್ಚಿಯಲ್ಲಿ ಬೀಚಿಂಗ್ ಎಂಬ ಅಧಿಕಾರಿಯ ವರದಿ 2,363 ನಿಲ್ದಾಣಗಳನ್ನೂ 5,000 ಮೈಲಿ ದಾರಿಯನ್ನೂ ಮುಚ್ಚಬೇಕೆಂದಿತು. 1968ರ ಆಗಸ್ಟ್ 11ರಂದು ಉಗಿಯ ಕೊನೆಯ ಪ್ರಯಾಣಿಕರ ಬಂಡಿ ಓಡಿತು. ಕಛೇರಿಯ ಕಡತ ಆದಾಯ ವೆಚ್ಚಗಳನ್ನು ಬರೆದಿಟ್ಟುಕೊಳ್ಳುತ್ತದೆ. ಯಾವ ಮಂಜಿನ ಮುಂಜಾನೆ ಯಾವ ಇಂಜಿನು ಯಾವ ಹಳ್ಳಿಯ ಕವಲುದಾರಿಯಲ್ಲಿ ಹಾಲಿನ ಡಬ್ಬಿಗಳನ್ನು ಎಳೆಯಿತೆಂಬುದು ಕಡತಕ್ಕೆ ಬೇಡ. ಅದು ಹುಡುಗರ ಟಿಪ್ಪಣಿ ಪುಸ್ತಕಗಳಲ್ಲಿತ್ತು. ಮುಚ್ಚಿದ ದಾರಿಗಳ ಚರಿತ್ರೆ ಬರೆಯುವವರು ಅವುಗಳ ಬಾಗಿಲಿಗೇ ಬರಬೇಕಾಯಿತು.

ಆ ಹುಡುಗರು ಬರೆದು ಸುಮ್ಮನಾಗಲಿಲ್ಲ. ವೇಲ್ಸಿನ ಟಾಲಿಲಿನ್ ಎಂಬ ಪುಟ್ಟ ದಾರಿಯನ್ನು 1951ರಲ್ಲಿಯೇ ಟಾಮ್ ರೋಲ್ಟ್ ಮತ್ತು ಗೆಳೆಯರು ಸಂಬಳವಿಲ್ಲದೆ ನಡೆಸಿ ದಾರಿ ತೋರಿದ್ದರು. ಅದೇ ವೇಲ್ಸಿನ ಬ್ಯಾರಿ ಊರಿನ ವುಡ್‌ಹ್ಯಾಮ್ ಎಂಬ ಗುಜರಿ ವ್ಯಾಪಾರಿಯ ಅಂಗಳಕ್ಕೆ 297 ಇಂಜಿನುಗಳು ಒಡೆಯಲೆಂದು ಬಂದವು. ಒಡೆಯಲು ಸುಲಭವಾದ ಸರಕಿನ ಗಾಡಿಗಳನ್ನು ಅವನು ಮೊದಲು ಹಿಡಿದದ್ದರಿಂದ ಇಂಜಿನುಗಳು ಸಮುದ್ರದ ಗಾಳಿಗೆ ತುಕ್ಕು ಹಿಡಿಯುತ್ತಾ ನಿಂತವು. ಸಂಖ್ಯೆ ಬರೆದುಕೊಂಡಿದ್ದ ಹುಡುಗರು ಅಷ್ಟರಲ್ಲಿ ಸಂಪಾದಿಸುವವರಾಗಿದ್ದರು. ಚಂದಾ ಎತ್ತಿ ಒಂದೊಂದಾಗಿ ಕೊಂಡರು. 1968ರಲ್ಲಿ ಮೊದಲನೆಯದು ಹೊರಟಿತು. 1990ರ ಹೊತ್ತಿಗೆ 213 ಉಳಿದುಕೊಂಡಿದ್ದವು.

ನಮ್ಮ ಕಡೆಗೂ ಒಮ್ಮೆ ನೋಡಬೇಕು. 1882ರಲ್ಲಿ ಮೈಸೂರನ್ನು ಮುಟ್ಟಿದ ಮೀಟರ್ ಕಂಬಿ ಶತಮಾನಕ್ಕಿಂತ ಹೆಚ್ಚು ಕಾಲ ಬಾಳಿ, ದೇಶದ ಕಂಬಿಗಳನ್ನು ಒಂದೇ ಅಗಲಕ್ಕೆ ತರುವ ಕಾರ್ಯದಲ್ಲಿ 1990ರ ದಶಕದಲ್ಲಿ ಮರೆಯಾಯಿತು. ಮೈಸೂರಿನಲ್ಲಿ 1979ರಲ್ಲಿ ತೆರೆದ ರೈಲ್ವೆ ಸಂಗ್ರಹಾಲಯದಲ್ಲಿ ಮಹಾರಾಣಿಯವರ 1899ರ ಗಾಡಿಯುಂಟು, ನೋಡತಕ್ಕದ್ದು. ಮಹಾರಾಣಿಯ ಗಾಡಿ ಹೇಗೂ ಉಳಿಯುತ್ತದೆ. ಮದ್ದೂರಿನಲ್ಲಿ ನಿಂತು ವಡೆಯ ಬುಟ್ಟಿಗಳಿಗೆ ಕಾದ ಸಾಮಾನ್ಯ ಬಂಡಿಯ ಇಂಜಿನಿನ ಸಂಖ್ಯೆಯನ್ನು ಬರೆದುಕೊಂಡ ಹುಡುಗರು ನಮ್ಮಲ್ಲಿ ಎಷ್ಟು ಮಂದಿ? ಬರೆದಿದ್ದರೆ ಆ ಪುಸ್ತಕಗಳು ಯಾವ ಅಟ್ಟದ ಮೇಲಿವೆ?

ಇಂಗ್ಲೆಂಡಿನವರ ಛಲಕ್ಕೆ ಒಂದು ನಿದರ್ಶನ ಹೇಳಿ ಬಿಡುತ್ತೇನೆ. ಪೆಪ್ಪರ್‌ಕಾರ್ನ್ ಎಂಬ ಶಿಲ್ಪಿ ರೂಪಿಸಿದ ಒಂದು ಜಾತಿಯ ಎಕ್ಸ್‌ಪ್ರೆಸ್ ಇಂಜಿನುಗಳು 49 ಇದ್ದವು. ಸಂಖ್ಯೆ 60114ರಿಂದ 60162ರವರೆಗೆ. 1966ರ ಹೊತ್ತಿಗೆ ಒಂದನ್ನೂ ಬಿಡದೆ ಒಡೆದರು. ಕೊಂಡು ಉಳಿಸಲು ಯಾವುದೂ ಇರಲಿಲ್ಲ. 1990ರಲ್ಲಿ ಕೆಲವರು ಸೇರಿ ಹಳೆಯ ನಕ್ಷೆಗಳನ್ನು ಹುಡುಕಿ ತೆಗೆದರು, ಜನರಿಂದ ತಿಂಗಳ ಚಂದಾ ಎತ್ತಿದರು, ಡಾರ್ಲಿಂಗ್‌ಟನ್ನಿನಲ್ಲಿ ಹೊಸ ಇಂಜಿನನ್ನೇ ಕಟ್ಟಲು ಕೈಹಾಕಿದರು. ಈ ಸಲ 76ರಲ್ಲೊಂದು ಪಾಲಲ್ಲ, ಪೂರ್ಣ ಗಾತ್ರ. 2008ರಲ್ಲಿ ಅದು ಕಂಬಿಯ ಮೇಲೆ ಓಡಿತು. ಹೆಸರು ಟಾರ್ನೇಡೊ, ಪಕ್ಕದಲ್ಲಿ ಬರೆದಿದ್ದ ಸಂಖ್ಯೆ 60163. ಆಲನ್ನನ ಪಟ್ಟಿಯಲ್ಲಿ ಎಲ್ಲಕ್ಕೂ ಗೆರೆ ಎಳೆದು ಮುಗಿಸಿದ್ದ ಮುದುಕರು ಮತ್ತೆ ನಿಲ್ದಾಣದ ತುದಿಗೆ ಬಂದು ನಿಂತರು.