ರೈಟ್ ಫ್ಲೈಯರ್‌ನ ಸಂರಕ್ಷಣೆ

ರೈಟ್ ಫ್ಲೈಯರ್ ಎಂಬುದು ವಿಲ್ಬರ್ ಮತ್ತು ಆರ್ವಿಲ್ ರೈಟ್ ಸಹೋದರರು 1903ರ ಡಿಸೆಂಬರ್ 17ರಂದು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ, ಕಿಟ್ಟಿ ಹಾಕ್ ಹಳ್ಳಿಯ ಬಳಿ ಹಾರಿಸಿದ ವಿಮಾನ. ಮರದ ಚೌಕಟ್ಟು, ಅದರ ಮೇಲೆ ಮಸ್ಲಿನ್ ಬಟ್ಟೆಯ ಹೊದಿಕೆ. ಅಂದು ಅದು ನಾಲ್ಕು ಬಾರಿ ಹಾರಿತು. ಕೊನೆಯ ಬಾರಿ 59 ಸೆಕೆಂಡುಗಳಲ್ಲಿ 852 ಅಡಿ ಸಾಗಿತು. ಆಮೇಲೆ ನೆಲದ ಮೇಲಿದ್ದ ವಿಮಾನವನ್ನು ಗಾಳಿ ಮಗುಚಿ ಮುರಿಯಿತು. ಮತ್ತೆಂದೂ ಅದು ಹಾರಲಿಲ್ಲ.

ಮುರಿದ ಭಾಗಗಳು ಪೆಟ್ಟಿಗೆಗಳಲ್ಲಿ ಸಹೋದರರ ಊರಾದ ಡೇಟನ್ನಿಗೆ ಬಂದು ಶೆಡ್ ಒಂದರಲ್ಲಿ ಉಳಿದವು. ಅವರ ಗಮನವೆಲ್ಲ ಮುಂದಿನ ವಿಮಾನಗಳ ಮೇಲಿತ್ತು. 1906ರಲ್ಲಿ ನ್ಯೂಯಾರ್ಕಿನ ಪ್ರದರ್ಶನಕ್ಕೆ ಕೊಟ್ಟ ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್ ಮತ್ತು ಫ್ಲೈವೀಲ್ ಹಿಂದಿರುಗಲೇ ಇಲ್ಲ. 1913ರ ಪ್ರವಾಹದಲ್ಲಿ ಪೆಟ್ಟಿಗೆಗಳು ನೀರು, ಕೆಸರಿನಲ್ಲಿ ಮುಳುಗಿದವು. ಆರ್ವಿಲ್ 1916ರಲ್ಲಿ ಎಲ್ಲವನ್ನೂ ಜೋಡಿಸಿ ಪ್ರದರ್ಶನಕ್ಕೆ ಅಣಿಗೊಳಿಸಿದರು.

ನೀರಿಗಿಂತ ದೊಡ್ಡ ಕಂಟಕ ಕೀರ್ತಿಯ ವ್ಯಾಜ್ಯದಿಂದ ಬಂತು. ಸ್ಮಿತ್ಸೋನಿಯನ್ ಸಂಸ್ಥೆಯ ಕಾರ್ಯದರ್ಶಿ ಸ್ಯಾಮ್ಯುಯೆಲ್ ಲ್ಯಾಂಗ್ಲಿಯವರ ವಿಮಾನ 1903ರಲ್ಲೇ ಪೊಟೊಮ್ಯಾಕ್ ನದಿಗೆ ಬಿದ್ದಿತ್ತು. ರೈಟ್‌ರೊಂದಿಗೆ ಪೇಟೆಂಟ್ ಮೊಕದ್ದಮೆಯಲ್ಲಿದ್ದ ಗ್ಲೆನ್ ಕರ್ಟಿಸ್ 1914ರಲ್ಲಿ ಅದನ್ನು ಹಲವು ಬಗೆಯಲ್ಲಿ ಮಾರ್ಪಡಿಸಿ, ತುಸು ದೂರ ಹಾರಿಸಿದರು. ಸಂಸ್ಥೆ ಆ ಮಾರ್ಪಾಡುಗಳನ್ನು ಮರೆಮಾಚಿ, ಮನುಷ್ಯನನ್ನು ಹೊತ್ತು ಹಾರಬಲ್ಲ ಮೊದಲ ವಿಮಾನವೆಂದು ಲ್ಯಾಂಗ್ಲಿಯವರದನ್ನೇ ಪ್ರದರ್ಶಿಸಿತು. ಇತಿಹಾಸವನ್ನು ಕಾಯಬೇಕಾದ ಸಂಸ್ಥೆಯೇ ಮಾಡಿದ ಅನ್ಯಾಯವಿದು. ಮನನೊಂದ ಆರ್ವಿಲ್ ಹೊದಿಕೆಯನ್ನೆಲ್ಲ ಹೊಸದಾಗಿಸಿ, 1928ರಲ್ಲಿ ವಿಮಾನವನ್ನು ಲಂಡನ್ನಿನ ಸೈನ್ಸ್ ಮ್ಯೂಸಿಯಮ್ಮಿಗೆ ಕಳುಹಿಸಿಬಿಟ್ಟರು. ಹಟವೆಂದು ಅದನ್ನು ತಳ್ಳಿಹಾಕಲಾಗದು. ಸತ್ಯ ಒಪ್ಪಿಸಲು ಅವರಿಗೆ ಉಳಿದಿದ್ದ ಬಲವಾದ ದಾರಿ ಅದೊಂದೇ. ಸಂಸ್ಥೆ 1942ರಲ್ಲಿ ಮಾರ್ಪಾಡುಗಳ ಪಟ್ಟಿ ಪ್ರಕಟಿಸಿ ತಪ್ಪೊಪ್ಪಿಕೊಂಡಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಫ್ಲೈಯರ್ ಇಂಗ್ಲೆಂಡಿನಲ್ಲೇ ಭೂಗತ ಉಗ್ರಾಣದಲ್ಲಿ ಸುರಕ್ಷಿತವಾಗಿತ್ತು. ಆರ್ವಿಲ್ ತೀರಿಕೊಂಡ ವರ್ಷವೇ, 1948ರ ಡಿಸೆಂಬರ್ 17ರಂದು, ಅದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ನಿನಲ್ಲಿ ಪ್ರದರ್ಶನಕ್ಕೆ ಬಂತು. ಸಂಸ್ಥೆ ಅದಕ್ಕೆ ಕೊಟ್ಟ ಬೆಲೆ ಒಂದು ಡಾಲರ್. ರೈಟ್‌ರಿಗಿಂತ ಮೊದಲು ಬೇರೆ ಯಾವುದೇ ವಿಮಾನ ಮನುಷ್ಯನನ್ನು ಹೊತ್ತು ಹಾರಬಲ್ಲದಾಗಿತ್ತೆಂದು ಸಂಸ್ಥೆ ಹೇಳಕೂಡದು, ಹೇಳಿದರೆ ವಿಮಾನ ಕುಟುಂಬಕ್ಕೆ ಮರಳಬೇಕು ಎಂಬುದು ಒಪ್ಪಂದದ ಷರತ್ತು.

1985ರಲ್ಲಿ ತಜ್ಞರು ಅದನ್ನು ಬಿಚ್ಚಿ, ಶುಚಿಗೊಳಿಸಿ, ಮಾಸಿದ್ದ ಬಟ್ಟೆಯ ಬದಲು ಹೊಸ ಮಸ್ಲಿನ್ ಹೊದಿಸಿದರು. ಈ ನಿರ್ಧಾರ ಸರಿಯಾದದ್ದೇ, ಏಕೆಂದರೆ ಆಗ ತೆಗೆದದ್ದು ಆರ್ವಿಲ್ ಹಾಕಿಸಿದ ಎರಡನೆಯ ಹೊದಿಕೆ. 1903ರ ಬಟ್ಟೆ ತುಣುಕುಗಳಾಗಿ ಬೇರೆಡೆ ಉಳಿದಿದೆ: ಅದರ ಚೂರುಗಳು 1969ರಲ್ಲಿ ಅಪೊಲೊ 11ರೊಂದಿಗೆ ಚಂದ್ರನಿಗೆ ಹೋಗಿಬಂದವು, ಇನ್ನೊಂದು ಚೂರು 2021ರಿಂದ ಇಂಜೆನ್ಯುಯಿಟಿ ಹೆಲಿಕಾಪ್ಟರಿನೊಂದಿಗೆ ಮಂಗಳ ಗ್ರಹದಲ್ಲಿದೆ.