ಜನವರಿ 6: ಬಾರ್ಕೂರಿನಲ್ಲಿ ಜೋಯಿಸರು, ಬ್ರಹ್ಮಾವರದಲ್ಲಿ ನೀರು

ಡಿಸೆಂಬರ್ 25 ಆಯ್ತು, ಕುಸ್ವಾರ್ ಡಬ್ಬ ಖಾಲಿಯಾಯ್ತು, ಅಲ್ಲಿಗೆ ಕ್ರಿಸ್‌ಮಸ್ ಮುಗಿಯಿತು ಎಂದು ಊರಲ್ಲಿ ಹೆಚ್ಚಿನವರು ಅಂದುಕೊಳ್ಳುತ್ತಾರೆ. ಕಥೋಲಿಕರ ಲೆಕ್ಕ ಬೇರೆ. ಅವರಿಗೆ ಹಬ್ಬದ ಕಾಲ ಶುರುವಾಗುವುದೇ ಅಂದು. ಅದರ ಮುಂದಿನ ದೊಡ್ಡ ದಿನ ಜನವರಿ 6. ಕೊಂಕಣಿಯಲ್ಲಿ ಅದು ಮೂರು ರಾಯರ ಫೆಸ್ತ್.

ಬಾರ್ಕೂರಿನ ಸಂತ ಪೀಟರರ ಚರ್ಚಿನವರಿಗೆ ಇದು ರಾಯರ ಹಬ್ಬ. ಐದಾರು ಕಿಲೋಮೀಟರ್ ಆಚೆ ಬ್ರಹ್ಮಾವರದ ಸಿರಿಯನ್ ಆರ್ಥೊಡಾಕ್ಸ್ ಚರ್ಚಿನಲ್ಲಿ ಅದೇ ತಾರೀಕಿಗೆ ರಾಯರ ಸುದ್ದಿ ಮುಖ್ಯವಲ್ಲ. ಅಲ್ಲಿ ಯೇಸು ಯೋರ್ದನ್ ನದಿಯಲ್ಲಿ ದೀಕ್ಷಾಸ್ನಾನ ಪಡೆದದ್ದರ ನೆನಪು, ಶಿಲುಬೆ ಇಳಿಸಿ ನೀರನ್ನು ಆಶೀರ್ವದಿಸುವ ದಿನ. ಎರಡೂ ಕಡೆ ಮನೆಮಾತು ಕೊಂಕಣಿಯೇ. ಮತ್ತೆ ಹಬ್ಬ ಹೀಗೆ ಬೇರೆಯಾದದ್ದು ಯಾಕೆ?

ಮೊದಲು ರಾಯರ ವಿಷಯ. ಮತ್ತಾಯನ ಶುಭಸಂದೇಶದಲ್ಲಿ ಅವರು ರಾಜರೂ ಅಲ್ಲ, ಮೂವರು ಎಂದೂ ಹೇಳಿಲ್ಲ. ಹಳೇ ಕನ್ನಡ ಬೈಬಲ್ ಅವರನ್ನು ಕರೆಯುವುದು ಮೂಡಣ ದೇಶದ ಜೋಯಿಸರು ಎಂದು. ನಕ್ಷತ್ರ ನೋಡಿ ಹೊರಟವರಲ್ಲವೇ, ನಮ್ಮ ಕಡೆಯವರಿಗೆ ಇದಕ್ಕಿಂತ ಸರಿಯಾದ ಮಾತು ಸಿಗಲಿಕ್ಕಿಲ್ಲ. ಚಿನ್ನ, ಧೂಪ, ರಕ್ತಬೋಳ ಎಂದು ಕಾಣಿಕೆ ಮೂರು ಇದ್ದದ್ದರಿಂದ ಜನರೂ ಮೂವರಾದರು. ಗ್ಯಾಸ್ಪರ್, ಮೆಲ್ಕಿಯೋರ್, ಬಾಲ್ತಜಾರ್ ಎಂಬ ಹೆಸರು ಸೇರಿದ್ದು ನೂರಾರು ವರ್ಷದ ಮೇಲೆ. ಧೂಪ, ರಕ್ತಬೋಳ ಬರುತ್ತಿದ್ದದ್ದು ಅರೇಬಿಯಾದ ದಕ್ಷಿಣ ಮತ್ತು ಅದರ ಎದುರಿನ ಆಫ್ರಿಕಾ ದಡದಿಂದ. ಬಾರ್ಕೂರಿಗೆ ಆ ಕಡೆಯ ಹಡಗು ಹೊಸತಲ್ಲ. 14ನೇ ಶತಮಾನದಲ್ಲಿ ಇಬ್ನ್ ಬತೂತ ಈ ಊರಿಗೆ ಬಂದು ಫಾಕನೂರ್ ಎಂದು ಬರೆದಿಟ್ಟು ಹೋದ.

ಜೋಯಿಸರು ಯೆಹೂದ್ಯರಲ್ಲ, ಪರದೇಶದವರು. ಕಥೋಲಿಕರು ಹಿಡಿದುಕೊಂಡಿರುವುದು ಇದನ್ನೇ: ಮಗುವನ್ನು ಹುಡುಕಿ ಬಂದವರಲ್ಲಿ ಹೊರಗಿನವರೂ ಇದ್ದರು, ಅವರಿಗೂ ದೇವರು ಕಾಣಿಸಿಕೊಂಡ. ಎಪಿಫನಿ ಎಂಬ ಗ್ರೀಕ್ ಮಾತಿನ ಅರ್ಥವೂ ಕಾಣಿಸಿಕೊಳ್ಳುವುದು ಎಂದೇ. ಸುರಿಯಾನಿ ಭಾಷೆಯಲ್ಲಿ ಈ ಹಬ್ಬ ದೆನ್ಹ, ಅಂದರೆ ಉದಯ.

ತಾರೀಕಿನ ಕಥೆ ಹೀಗಿದೆ. ಪೂರ್ವದ ಕ್ರೈಸ್ತರಲ್ಲಿ ಜನವರಿ 6 ಹಳೆಯದು. ಯೇಸುವಿನ ಜನನ, ದೀಕ್ಷಾಸ್ನಾನ ಎರಡನ್ನೂ ಒಟ್ಟಿಗೆ ಆಚರಿಸುವ ಕಡೆಗಳಿದ್ದವು. ಅರ್ಮೇನಿಯಾದವರು ಇವತ್ತಿಗೂ ಹಾಗೇ ಮಾಡುತ್ತಾರೆ. ಡಿಸೆಂಬರ್ 25 ರೋಮಿನದು, 354ರ ಅಲ್ಲಿನ ಪಟ್ಟಿಯಲ್ಲಿ ಅದಿದೆ. ಆಮೇಲೆ ಎರಡೂ ಕಡೆ ಕೊಡುಕೊಳ್ಳುವಿಕೆ ಆಯಿತು. ರೋಮಿನ ಡಿಸೆಂಬರ್ 25 ನಮ್ಮಲ್ಲಿಗೆ ಬಂದು ಹತ್ತು ವರ್ಷವೂ ಆಗಿಲ್ಲ ಎಂದು 386ರ ಹೊತ್ತಿಗೆ ಅಂತಿಯೋಕ್ಯದಲ್ಲಿ ಸಂತ ಜಾನ್ ಕ್ರಿಸೋಸ್ತಮ್ ಪ್ರಸಂಗದಲ್ಲಿ ಹೇಳಿದ್ದಾರೆ. ಜನನ ಡಿಸೆಂಬರಿಗೆ ಹೋದ ಮೇಲೆ ಅಲ್ಲಿ ಜನವರಿ 6ಕ್ಕೆ ಉಳಿದದ್ದು ದೀಕ್ಷಾಸ್ನಾನ. ರೋಮಿನವರು ಪೂರ್ವದಿಂದ ಜನವರಿ 6 ತೆಗೆದುಕೊಂಡು ಅದನ್ನು ಜೋಯಿಸರಿಗೆ ಕೊಟ್ಟರು. ಬ್ರಹ್ಮಾವರದ ಚರ್ಚಿನ ಇಂದಿನ ಪೂಜಾಕ್ರಮದ ಬೇರು ಅಂತಿಯೋಕ್ಯದ ಕಡೆಗೆ, ಬಾರ್ಕೂರಿನದು ರೋಮಿನ ಕಡೆಗೆ.

ರೋಮಿನ ಹಬ್ಬ ನಮ್ಮ ಕರಾವಳಿಗೆ ಬಂದದ್ದು ಗೋವಾ ದಾರಿಯಾಗಿ. ಅಲ್ಲಿ ಮಾಂಡವಿ ದಡದ ರೈಸ್ ಮಾಗೋಸ್ ಚರ್ಚು 1555ರದು, ಆ ಹೆಸರಿನ ಅರ್ಥವೇ ಜೋಯಿಸ ರಾಯರು. ಕುಂದಾಪುರದ ರೊಜಾರಿಯೋ ಚರ್ಚು ಶುರುವಾದದ್ದು 1570ರಲ್ಲಿ. ಗೋವಾ ಬಿಟ್ಟು ಬಂದ ಕುಟುಂಬಗಳು ಭಾಷೆ, ತಿಂಡಿ, ಹಬ್ಬ ಎಲ್ಲ ಜೊತೆಗೇ ತಂದವು.

ಬ್ರಹ್ಮಾವರ ಬೇರೆಯಾದದ್ದು ನಂಬಿಕೆಯ ತರ್ಕದಿಂದಲ್ಲ, ಅಧಿಕಾರದ ಜಗಳದಿಂದ ಎಂಬುದು ನಮ್ಮ ಓದು. ಇಲ್ಲಿನ ಚರ್ಚುಗಳು ಗೋವಾದ ಕೈಯಲ್ಲಿರಬೇಕೋ, ನೇರ ರೋಮಿನ ಕೈಯಲ್ಲಿರಬೇಕೋ ಎಂಬ ಎಳೆದಾಟ ಬಹಳ ಕಾಲದ್ದು. 1886ರಲ್ಲಿ ಪೋರ್ಚುಗಲ್ ಮತ್ತು ರೋಮ್ ಒಪ್ಪಂದ ಮಾಡಿಕೊಂಡು ಗೋವಾದ ಹಿಡಿತ ತಪ್ಪಿದಾಗ ಒಂದಷ್ಟು ಕುಟುಂಬಗಳು ಒಪ್ಪಲಿಲ್ಲ. ಗೋವಾದ ಪಾದ್ರಿ ಅಲ್ವಾರಿಸ್ ಕೇರಳದ ಮಲಂಕರ ಸಭೆ ಸೇರಿ 1889ರಲ್ಲಿ ಬಿಷಪರಾದರು, ಅಲ್ವಾರಿಸ್ ಮಾರ್ ಜೂಲಿಯಸ್ ಎಂಬ ಹೆಸರಿನಲ್ಲಿ. ಅವರ ಜೊತೆಗಾರ ಫಾದರ್ ರೋಕ್ ಜೆಫ್ರಿನ್ ನೊರೊನ್ಹ ಬ್ರಹ್ಮಾವರದಲ್ಲೇ ಉಳಿದು ಆ ಕುಟುಂಬಗಳನ್ನು ಹಿಡಿದು ನಿಲ್ಲಿಸಿದರು. ವಿಚಿತ್ರವೆಂದರೆ, ಹೊಸ ಸಭೆಗೆ ಹೋದ ಮೇಲೂ ಇಲ್ಲಿನವರು ಮೊದಮೊದಲು ಲ್ಯಾಟಿನ್ ಕ್ರಮದ ಪೂಜೆಯನ್ನೇ ಇಟ್ಟುಕೊಂಡಿದ್ದರು. ಸುರಿಯಾನಿ ಕ್ರಮ ನೆಲೆಯಾದದ್ದು ಆಮೇಲೆ.

ಕಥೋಲಿಕರಲ್ಲಿ ನೀರು ಮರೆತೇ ಹೋಗಿದೆ ಎಂದಲ್ಲ. ಎಪಿಫನಿಯ ಸಂಜೆಯ ಪ್ರಾರ್ಥನೆಯಲ್ಲಿ ಜೋಯಿಸರ ಜೊತೆ ಯೋರ್ದನಿನ ದೀಕ್ಷಾಸ್ನಾನವೂ, ಕಾನಾ ಊರಿನ ಮದುವೆಯಲ್ಲಿ ನೀರು ದ್ರಾಕ್ಷಾರಸವಾದದ್ದೂ ಒಟ್ಟಿಗೆ ಬರುತ್ತವೆ. 1955ರಲ್ಲಿ ದೀಕ್ಷಾಸ್ನಾನದ ನೆನಪಿಗೆ ಜನವರಿ 13 ಎಂಬ ಬೇರೆ ದಿನ ಸಿಕ್ಕಿತು, 1969ರ ಪಂಚಾಂಗದಲ್ಲಿ ಅದು ಎಪಿಫನಿಯ ನಂತರದ ಭಾನುವಾರಕ್ಕೆ ಬಂತು. ಎಪಿಫನಿಯೂ ಈಗ ಭಾರತದ ಕಥೋಲಿಕರಿಗೆ ಜನವರಿ 2ರಿಂದ 8ರ ನಡುವಿನ ಭಾನುವಾರ, ಗದ್ದೆ ಕೆಲಸ, ಶಾಲೆ, ಆಫೀಸು ಬಿಟ್ಟು ಬರಬೇಕಾಗಿಲ್ಲ. ಹಾಗಾಗಿ ಬ್ರಹ್ಮಾವರದಲ್ಲಿ ನೀರಿಗೆ ಶಿಲುಬೆ ಇಳಿಸಿದ ಒಂದು ವಾರದೊಳಗೇ ಬಾರ್ಕೂರಿನಲ್ಲೂ ಯೋರ್ದನಿನ ಓದು ನಡೆಯುತ್ತದೆ. ಕಥೋಲಿಕರ ಕ್ರಿಸ್‌ಮಸ್ ಕಾಲ ಮುಗಿಯುವುದು ಆ ದಿನ.