ಎಮೋಜಿ ಮತ್ತು ಸ್ಟಿಕರ್

ಮೊಬೈಲ್ ಸಂದೇಶಗಳಲ್ಲಿ ಮಾತಿನ ಜೊತೆಗೋ ಮಾತಿನ ಬದಲಿಗೋ ಬಳಸುವ ಪುಟ್ಟ ಚಿತ್ರಗಳು. ನೋಡುವವರಿಗೆ ಎರಡೂ ಚಿತ್ರಗಳೇ. ಆದರೆ ಫೋನಿನ ಪಾಲಿಗೆ ಎಮೋಜಿ ಒಂದು ಅಕ್ಷರ, ಸ್ಟಿಕರ್ ಒಂದು ಚಿತ್ರದ ಕಡತ. ಎಮೋಜಿ ಕಳಿಸಿದಾಗ ಹೋಗುವುದು ಅದಕ್ಕೆ ಗೊತ್ತುಮಾಡಿದ ಸಂಖ್ಯೆ ಮಾತ್ರ. ಆ ಕಡೆಯ ಫೋನು ಆ ಸಂಖ್ಯೆಗೆ ತನ್ನಲ್ಲಿರುವ ಚಿತ್ರವನ್ನು ತೋರಿಸುತ್ತದೆ. ಇವೆರಡರ ಇತಿಹಾಸ ಬೇರೆ ಬೇರೆ ದಾರಿ ಹಿಡಿದದ್ದು ಇದರಿಂದಲೇ.

ಬರಹದಲ್ಲಿ ದನಿ ಕೇಳಿಸದು, ಮುಖ ಕಾಣಿಸದು ಎಂಬ ಕೊರತೆ ಕಂಪ್ಯೂಟರ್ ಸಂದೇಶಗಳ ಆರಂಭದಲ್ಲೇ ಕಾಡಿತ್ತು. ತಮಾಷೆಯ ಮಾತನ್ನು ಯಾರೂ ನಿಜವೆಂದುಕೊಳ್ಳದಿರಲೆಂದು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸ್ಕಾಟ್ ಫಾಲ್‌ಮನ್ 1982ರ ಸೆಪ್ಟೆಂಬರ್ 19ರಂದು ವಿವರಣ ಚಿಹ್ನೆ, ಅಡ್ಡಗೆರೆ, ಆವರಣ ಚಿಹ್ನೆಗಳನ್ನು ಸಾಲಾಗಿಟ್ಟು ಅಡ್ಡ ಮಲಗಿದ ನಗುಮುಖವೊಂದನ್ನು ಸೂಚಿಸಿದರು.

ಅಕ್ಷರಗಳ ಜೊತೆ ಚಿತ್ರವೂ ಬಂದದ್ದು ಜಪಾನಿನ ಮೊಬೈಲ್‌ಗಳಲ್ಲಿ. 1997ರಲ್ಲಿ ಜೆ-ಫೋನ್ ಕಂಪನಿಯ ಒಂದು ಫೋನಿನಲ್ಲಿ 90 ಚಿತ್ರಗಳಿದ್ದವು. 1999ರಲ್ಲಿ ಎನ್‌ಟಿಟಿ ಡೊಕೊಮೊ ಕಂಪನಿಯ ಐ-ಮೋಡ್ ಎಂಬ ಮೊಬೈಲ್ ಅಂತರ್ಜಾಲ ಸೇವೆಗಾಗಿ ಶಿಗೆತಾಕಾ ಕುರಿತಾ 176 ಚಿತ್ರಗಳನ್ನು ರೂಪಿಸಿದರು. ಒಂದೊಂದಕ್ಕೂ ಸಿಕ್ಕ ಜಾಗ ಅಡ್ಡಕ್ಕೆ 12, ಉದ್ದಕ್ಕೆ 12 ಚುಕ್ಕೆ, ಅಂದರೆ ಒಟ್ಟು 144. ಅಷ್ಟರಲ್ಲೇ ಹೃದಯ, ಮಳೆ, ರೈಲು, ಬೆವರ ಹನಿ ಎಲ್ಲವೂ ಗುರುತು ಸಿಗುವಂತಾದದ್ದು ನಿಜಕ್ಕೂ ದೊಡ್ಡ ಕೆಲಸ. ಹವಾಮಾನ ವರದಿಯ ಚಿಹ್ನೆಗಳಿಂದಲೂ ಮಾಂಗಾ ಚಿತ್ರಕಥೆಗಳಿಂದಲೂ ಅವರು ಕಲ್ಪನೆ ಪಡೆದಿದ್ದರು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ 2016ರಲ್ಲಿ ಈ ಚಿತ್ರಗಳನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು.

ಆಗ ಒಂದೊಂದು ಕಂಪನಿಯದೂ ಒಂದೊಂದು ಸಂಖ್ಯೆ. ಒಬ್ಬರು ಕಳಿಸಿದ ಹೃದಯ ಇನ್ನೊಂದು ಕಂಪನಿಯ ಫೋನಿನಲ್ಲಿ ಹೃದಯವಾಗಿ ಉಳಿಯುತ್ತಿರಲಿಲ್ಲ. ಗೂಗಲ್ ಮತ್ತು ಆಪಲ್ ಇಂಜಿನಿಯರುಗಳ ಪ್ರಯತ್ನದಿಂದ 2010ರ ಅಕ್ಟೋಬರಿನಲ್ಲಿ ಹೊರಬಂದ, ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಗೊತ್ತುಮಾಡುವ ಯೂನಿಕೋಡ್ ಮಾನಕದ 6.0 ಆವೃತ್ತಿ 700ಕ್ಕೂ ಹೆಚ್ಚು ಎಮೋಜಿಗಳಿಗೆ ಜಗತ್ತಿಗೆಲ್ಲ ಒಂದೇ ಸಂಖ್ಯೆ ಕೊಟ್ಟಿತು. ಮರುವರ್ಷ ಐಫೋನಿನ ಎಮೋಜಿ ಕೀಲಿಮಣೆ ಜಪಾನಿನ ಹೊರಗೂ ದೊರೆಯಿತು.

ಸಂಖ್ಯೆ ಒಂದಾದರೂ ಚಿತ್ರ ಬರೆಯುವ ಹಕ್ಕು ಆಯಾ ಕಂಪನಿಯ ಕೈಯಲ್ಲೇ ಉಳಿಯಿತು. 2016ರಲ್ಲಿ ಆಪಲ್ ಪಿಸ್ತೂಲಿನ ಚಿತ್ರವನ್ನು ಹಸಿರು ಪಿಚಕಾರಿಯಾಗಿ ಬದಲಿಸಿತು. ಗೆಳೆಯನಿಗೆ ಆಟಕ್ಕೆಂದು ಕಳಿಸಿದ ಪಿಚಕಾರಿ ಬೇರೆ ಕಂಪನಿಯ ಫೋನಿನಲ್ಲಿ ನಿಜವಾದ ಪಿಸ್ತೂಲಾಗಿ ಕಾಣುತ್ತಿತ್ತು. 2018ರಲ್ಲಿ ಉಳಿದ ಪ್ರಮುಖ ಕಂಪನಿಗಳೂ ಪಿಚಕಾರಿಗೆ ಬದಲಾದ ಮೇಲೆ ಈ ಗೊಂದಲ ತಗ್ಗಿತು.

ಎಮೋಜಿಗಳ ಪಟ್ಟಿಯೂ ಬೆಳೆಯುತ್ತ ಹೋಯಿತು. 2015ರಲ್ಲಿ ಮನುಷ್ಯರ ಎಮೋಜಿಗಳಿಗೆ ಐದು ಮೈಬಣ್ಣಗಳು ಬಂದವು. ಆಟೋರಿಕ್ಷಾ, ಸೀರೆ, ಹಣತೆ, ಹಿಂದೂ ದೇವಾಲಯ ಸೇರಿದ್ದು 2019ರಲ್ಲಿ. ಅಪ್ಪ, ಅಮ್ಮ, ಮಗಳು ಇರುವ ಕುಟುಂಬದಂಥ ಕೆಲವು ಎಮೋಜಿಗಳು ಮಾತ್ರ ಒಂದೇ ಅಕ್ಷರವಲ್ಲ. ಬಿಡಿ ಎಮೋಜಿಗಳ ನಡುವೆ ಕಣ್ಣಿಗೆ ಕಾಣದ, ಅಗಲವಿಲ್ಲದ ಜೋಡಣೆಯ ಅಕ್ಷರವೊಂದು ಕೂತು ಅವನ್ನು ಬೆಸೆಯುತ್ತದೆ. ಕನ್ನಡದಲ್ಲಿ ‘ರ‍್ಯಾಂಕ್’ ಎಂದು ಬರೆಯುವಾಗ ರಕಾರ ಅರ್ಕಾವತ್ತಾಗದಂತೆ ತಡೆಯುವುದೂ ಅದೇ ಅಕ್ಷರ. ಎಮೋಜಿ ಬರಹದ ಲೋಕಕ್ಕೆ ಎಷ್ಟು ಒಳಗಿನದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಕನ್ನಡಿಗರಿಗೆ ಸಿಗಲಾರದು.

ಹೊಸ ಎಮೋಜಿಗೆ ಯೂನಿಕೋಡ್ ಸಂಸ್ಥೆಯಲ್ಲಿ ಅರ್ಜಿ, ಪರಿಶೀಲನೆ, ಒಪ್ಪಿಗೆ ಎಲ್ಲ ಬೇಕು. ಸ್ಟಿಕರಿಗೆ ಇದ್ಯಾವುದೂ ಬೇಡ. 2011ರ ಮಾರ್ಚಿನ ಭೂಕಂಪದ ಬಳಿಕ ಜಪಾನಿನಲ್ಲಿ ಶುರುವಾದ ಲೈನ್ ಎಂಬ ಸಂದೇಶದ ಆ್ಯಪ್ ಅದೇ ವರ್ಷ ಬ್ರೌನ್ ಎಂಬ ಕರಡಿ, ಕೋನಿ ಎಂಬ ಮೊಲ ಮೊದಲಾದ ಪಾತ್ರಗಳ ಸ್ಟಿಕರುಗಳನ್ನು ತಂದು ಗೆದ್ದಿತು. 2014ರಲ್ಲಿ ಸಾಮಾನ್ಯ ಬಳಕೆದಾರರಿಗೂ ತಮ್ಮ ಸ್ಟಿಕರ್ ಮಾರಲು ಮಾರುಕಟ್ಟೆ ತೆರೆಯಿತು. ಟೆಲಿಗ್ರಾಂ 2015ರಲ್ಲಿ, ವಾಟ್ಸಾಪ್ 2018ರಲ್ಲಿ ಸ್ಟಿಕರಿಗೆ ಜಾಗ ಕೊಟ್ಟವು.

ವಾಟ್ಸಾಪ್ ಸ್ಟಿಕರ್ 512 ಪಿಕ್ಸೆಲ್ ಚೌಕದ ಚಿತ್ರ. ಅದರೊಳಗೆ ಏನು ಬೇಕಾದರೂ ಹಿಡಿಸಬಹುದಾದ್ದರಿಂದ ಕನ್ನಡ ಸಿನಿಮಾ ನಟರ ಮುಖ, ಅವರ ಡೈಲಾಗು, ಹಬ್ಬದ ಶುಭಾಶಯಗಳೆಲ್ಲ ಸ್ಟಿಕರುಗಳಾದವು. ಇಲ್ಲಿ ಕನ್ನಡ ಲಿಪಿ ಚಿತ್ರದಲ್ಲೇ ಅಚ್ಚಾಗಿರುತ್ತದೆ. ಹಾಗಾಗಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡುವ ಎಷ್ಟೋ ಮಂದಿ ಕನ್ನಡ ಲಿಪಿಯಲ್ಲಿ ಸಂದೇಶ ಕಳಿಸುವುದು ಸ್ಟಿಕರ್ ಮೂಲಕವೇ.